ಮುಂದುವರಿದ ತಾಲ್ಲೂಕಿನ ಮುದ್ದೆ

ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಂಜಿನಪ್ಪ ತೊಳಸಿದ ಮುದ್ದೆಯನ್ನು ಕೊಪ್ಪರಿಗೆಯಿಂದ ಎತ್ತಲು ಒಂದು ಮಧ್ಯಾಹ್ನ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿಂದ ಹೆಲಿಕಾಪ್ಟರೇ ಬರಬೇಕಾಯಿತು. ಅಷ್ಟು ದೊಡ್ಡ ಮುದ್ದೆ ಅದು. ಆಳುಗಳು ಹಗ್ಗ ಕಟ್ಟಿ ಎಳೆದು ಸೋತರು. ಕ್ರೇನಿನವನು ಬಂದು ನೋಡಿ ಕೈ ಮುಗಿದು ಹೋದ. ಕೊನೆಗೆ ಹೆಲಿಕಾಪ್ಟರು ಕೊಕ್ಕೆ ಇಳಿಬಿಟ್ಟು ಮುದ್ದೆಯನ್ನು ತೆಂಗಿನ ಮರದೆತ್ತರಕ್ಕೆ ಎತ್ತಿತು. ರೆಕ್ಕೆಯ ಗಾಳಿಗೆ ಅದು ಹದವಾಗಿ ಆರಿತು. ಪೈಲಟ್ಟು ಕೆಳಗಿಳಿದು ಹುರುಳಿಕಾಳಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗಿ, ಇಂಥದ್ದು ದೆಹಲಿಯಲ್ಲೂ ಸಿಗುವುದಿಲ್ಲವೆಂದು ಹಿಂದಿಯಲ್ಲಿ ಹೇಳಿ ಹೋದ. ಅಂಜಿನಪ್ಪನಿಗೆ ಹಿಂದಿ ಬರುವುದಿಲ್ಲ ಎಂಬುದು ಬೇರೆ ಮಾತು.

ಇದನ್ನು ಅವನು ಫೋನಿನಲ್ಲಿ ತಂಗಿ ನಿಂಗಮ್ಮನಿಗೆ ಹೇಳಿದಾಗ ಅವಳು, "ಕೊಕ್ಕೆ ತೊಳೆದಿದ್ರಾ ಅಣ್ಣಯ್ಯ?" ಎಂದಷ್ಟೇ ಕೇಳಿದ್ದಳು.

ಹೆಲಿಕಾಪ್ಟರಿನ ಮಾತು ಹಾಗಿರಲಿ, ಅಂಜಿನಪ್ಪನ ಮುದ್ದೆ ಮೆಸ್ಸಿಗೆ ಒಂದು ಕಾಲದಲ್ಲಿ ಜನ ಮುಗಿಬೀಳುತ್ತಿದ್ದದ್ದು ಸುಳ್ಳಲ್ಲ. ಊಟದ ಸೈರನ್ ಕೂಗಿದರೆ ಆ ಬೀದಿಯ ಶೆಡ್ಡುಗಳಿಂದ ಗ್ರೀಸು ಮೆತ್ತಿದ ಕೈಗಳೆಲ್ಲ ಅವನ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದವು. ಅವನ ಹೆಂಡತಿ ತೀರಿಕೊಂಡ ಮೇಲೆ ಸಾರಿನ ಸೌಟು ಹಿಡಿದವಳು ನಿಂಗಮ್ಮ. ಅವಳಿಗೂ ಗಂಡನಿಲ್ಲ, ಮಕ್ಕಳಿಲ್ಲ. ಅಣ್ಣನದು ಮುದ್ದೆ, ತಂಗಿಯದು ಸಾರು. ಕವೆಗೋಲಿನಿಂದ ಕೊಪ್ಪರಿಗೆಯನ್ನು ಅದುಮಿ ಹಿಡಿದು ಅಂಜಿನಪ್ಪ ಹಿಟ್ಟಿನ ಕೋಲು ತಿರುವತೊಡಗಿದರೆ ಪಕ್ಕದ ಲೇತ್ ಮಷೀನು ನಾಚಿಕೊಂಡು ನಿಲ್ಲುತ್ತಿತ್ತಂತೆ. ಇದನ್ನೂ ಅವನೇ ಹೇಳುವುದು.

ಆಮೇಲೆ ಸರ್ಕಾರ ತಾಲ್ಲೂಕುಗಳನ್ನು ತೂಗಿ ನೋಡಿ ಇದು ಮುಂದುವರಿದದ್ದು, ಅದು ಹಿಂದುಳಿದದ್ದು ಎಂದು ಬೇರೆ ಬೇರೆ ಮಾಡಿತು. ಹಿಂದುಳಿದ ಕಡೆ ಶೆಡ್ಡು ಹಾಕಿದವರಿಗೆ ಯಂತ್ರದ ಬೆಲೆಯಲ್ಲಿ ಒಂದು ಪಾಲು ಸಬ್ಸಿಡಿ, ಕರೆಂಟಿಗೆ ರಿಯಾಯಿತಿ, ಜಮೀನಿನ ನೋಂದಣಿಗೆ ವಿನಾಯಿತಿ. ಕುಣಿಗಲ್ ಕಡೆಗೆ ಅದೆಲ್ಲ ಸಿಕ್ಕಿತು. ತುಮಕೂರು ನಗರದ ಅಂಚಿನ ಸತ್ಯಮಂಗಲಕ್ಕೆ ಸಿಕ್ಕಿದ್ದು ಮುಂದುವರಿದವರೆಂಬ ಮರ್ಯಾದೆ ಮಾತ್ರ.

ಆ ಮರ್ಯಾದೆಯನ್ನು ಬೇರೆಯವರು ಬೈದುಕೊಂಡರೆ ಅಂಜಿನಪ್ಪ ಬೋರ್ಡಿಗೆ ಬರೆಸಿದ. 'ಮುಂದುವರಿದ ತಾಲ್ಲೂಕಿನ ಏಕೈಕ ಮುದ್ದೆ ಮೆಸ್.' ಮುಂದೆ ಹೆಲಿಕಾಪ್ಟರಿನ ಕಥೆ ಹುಟ್ಟಿದಾಗ ಅದೇ ಬೋರ್ಡು ಬರೆದವನು ಅಕ್ಷರಗಳ ಪಕ್ಕ ಹೆಲಿಕಾಪ್ಟರು ಬಿಡಿಸಲು ಹೋಗಿ ಸೌತೆಕಾಯಿಗೆ ರೆಕ್ಕೆ ಇಟ್ಟಂತೆ ಬಿಡಿಸಿದ.

ಮೊದಲು ಪೇಂಟಿನ ಶೆಡ್ಡು ಖಾಲಿಯಾಯಿತು. ಆಮೇಲೆ ಪ್ಲಾಸ್ಟಿಕ್ ಡಬ್ಬಿಯವರು, ಸ್ಪ್ರಿಂಗಿನವರು. ಕೊನೆಗೆ ಪಂಪಿನ ಬಿಡಿಭಾಗ ಮಾಡುವ ರೇಣುಕಾಪ್ರಸಾದನೂ ಯಂತ್ರಗಳನ್ನು ಕುಣಿಗಲ್ಲಿನ ಲಾರಿಗೆ ಏರಿಸಿದ. ಏರಿಸುವ ಮುಂಚೆ ಮೆಸ್ಸಿಗೆ ಬಂದು ಕೂತು ಉಂಡ.

"ನನಗೇನು ಹೋಗೋಕೆ ಆಸೆನಾ ಅಂಜಿನಪ್ಪಣ್ಣ? ಪಕ್ಕದ ಶೆಡ್ಡಿನೋನು ಅಲ್ಲಿಗೆ ಹೋಗಿ ಅದೇ ಸಾಮಾನು ನನಗಿಂತ ಕಮ್ಮಿಗೆ ಮಾರ್ತಾವ್ನೆ. ನಾನಿಲ್ಲಿ ನಿನ್ನ ಮುದ್ದೆ ಉಣ್ತಾ ಕೂತ್ರೆ, ಕೊನೆಗೆ ಮುದ್ದೆಗೂ ಗತಿ ಇರಲ್ಲ. ನೀನೂ ಬಂದ್‌ಬುಡು. ಗೇಟಿನ ಪಕ್ಕ ಜಾಗ ಕೊಡ್ತೀನಿ."

"ಮುಂದುವರಿದೋನು ಹಿಂದುಳಿದೋರ ಹತ್ರ ಹೋಗಿ ಕೋಲು ತಿರುವದಾ?" ಎಂದ ಅಂಜಿನಪ್ಪ. "ನೀವು ಹೋಗ್ರಪ್ಪ. ನನ್ನ ಮುದ್ದೆ ಇಲ್ದೆ ಆರು ತಿಂಗಳು ಇದ್ರೆ ಮೀಸೆ ಬೋಳಿಸ್ಕೋತೀನಿ. ತಾಲ್ಲೂಕಿನ ಪಟ್ಟಿ ಬದಲಾಯ್ತದೆ. ವಿಧಾನಸೌಧದಲ್ಲಿ ಕೇಳಿದೀನಿ ನಾನು."

ವಿಧಾನಸೌಧವನ್ನು ಅವನು ಬಸ್ಸಿನ ಕಿಟಕಿಯಿಂದ ನೋಡಿದ್ದ. ಎಡಗಡೆಯ ಸೀಟು ಸಿಕ್ಕಿದ್ದರಿಂದ ಅರ್ಧ ಮಾತ್ರ ಕಂಡಿತ್ತು.

ಗೇಟಿನ ಪಕ್ಕದ ಜಾಗಕ್ಕೆ ನಿಂಗಮ್ಮ ಹೋದಳು. ಹೋಗುವಾಗ ಜಗಳವೇನೂ ಆಗಲಿಲ್ಲ. ಸೌಟನ್ನು ಸೀರೆಯ ಸೆರಗಿನಲ್ಲಿ ಒರೆಸಿ ಚೀಲದಲ್ಲಿಟ್ಟುಕೊಂಡು, "ಬಾ ಅಣ್ಣಯ್ಯ," ಎಂದಳು. ಕರೆದ ತಕ್ಷಣ ಹೊರಟರೆ ಮನುಷ್ಯನಿಗೆ ಏನು ಬೆಲೆ? ಅವರ ಕಡೆ ಮದುವೆಯೂಟಕ್ಕಾದರೂ ಸರಿ, ಮೊದಲ ಸಲ ಕರೆದಾಗ ಬೇಡವೆನ್ನಬೇಕು, ಎರಡನೇ ಸಲ ಕೈ ಹಿಡಿದು ಎಳೆದಾಗ ಎದ್ದೇಳಬೇಕು. ಅಂಜಿನಪ್ಪ ಬೇಡವೆಂದ. ನಿಂಗಮ್ಮ ಬೇಡವೆಂದದ್ದನ್ನು ನಂಬಿ ಬಸ್ಸು ಹತ್ತಿದಳು.

ಅಂದಿನಿಂದ ಅವನು ಎರಡನೇ ಸಲದ ಕರೆಗೆ ಕಾಯುತ್ತಿದ್ದ.

ಕಾಯುತ್ತಿದ್ದನೆಂದು ಗೊತ್ತಾಗಬಾರದಲ್ಲ, ಅದಕ್ಕೆ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ತಂಗಿಗೆ ಫೋನ್ ಮಾಡುತ್ತಿದ್ದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸ್ಟೀಲ್ ತಟ್ಟೆಗಳ ಕಟ್ಟು. ತಟ್ಟೆಗಳನ್ನು ಸದ್ದಾಗುವಂತೆ ಕುಟ್ಟುತ್ತ, "ಏಯ್ ರವೀಶ, ಆ ಮೂಲೆ ಟೇಬಲ್ಲಿಗೆ ಸಾರು ಬುಡ್ಲಾ. ಜನ ಕಾಯ್ತಾವ್ರೆ ಕಾಣಕಿಲ್ವಾ?" ಎಂದು ಕೂಗುತ್ತಿದ್ದ. ರವೀಶನೆಂಬ ಆಳು ಹುಟ್ಟಿದ್ದೂ ಬೆಳೆದದ್ದೂ ಆ ಫೋನಿನಲ್ಲೇ. ಅವನಿಗೆ ಅಂಜಿನಪ್ಪ ದಿನವೂ ಒಂದಿಷ್ಟು ಬೈಯುತ್ತಿದ್ದ. ಫೋನು ಇಟ್ಟಮೇಲೂ ಕೆಲವು ಸಲ ಬೈಯುತ್ತಿದ್ದ. ಬೀದಿಯಲ್ಲಿ ಮಾತು ಕೇಳುವವರು ಬೇರೆ ಯಾರಿದ್ದರು? ಶೆಡ್ಡುಗಳ ಶಟರ್ ಗಾಳಿಗೆ ನಡುಗುವುದು ಬಿಟ್ಟರೆ ಸದ್ದೇ ಇರಲಿಲ್ಲ.

ಹಿಂದಿನ ವಾರ ನಿಂಗಮ್ಮ ಫೋನಿನಲ್ಲಿ ಹೇಳಿದ್ದಳು. "ಕಾರ್ಖಾನೆ ನಿಜವಾಗ್ಲೂ ನಡೀತದಾ ಅಂತ ನೋಡೋಕೆ ಆಫೀಸರುಗಳು ಬರ್ತಾರಂತೆ. ಅವರು ಒಪ್ಪಿದ್ರೆ ತಾನೇ ಸಬ್ಸಿಡಿ? ಸಾಹುಕಾರ್ರು ಅವತ್ತು ಎಲ್ರಿಗೂ ಮುದ್ದೆ ಊಟ ಅಂದವ್ರೆ. ನಿನಗೆ ಒಂದಿನ ಬಿಡುವಾಗಲ್ಲ ಅಲ್ವಾ ಅಣ್ಣಯ್ಯ?"

ಅವನು ಮೂಲೆಯ ಹಿಟ್ಟಿನ ಕೋಲಿನತ್ತ ನೋಡಿದ. ಆದರೆ ಊಟ ಹೊಸದು, ಇದಕ್ಕೆ ಇದು ಮೊದಲ ಸಲದ ಕರೆ. "ನನಗೆಲ್ಲಿ ಪುರುಸೊತ್ತಮ್ಮಿ? ಇಲ್ಲಿ ತಲೆ ಕೆರ್ಕೊಳ್ಳೋಕೂ ಆಯ್ತಿಲ್ಲ," ಎಂದು ತಟ್ಟೆ ಕುಟ್ಟಿದ.

ಆಯ್ತು ಬುಡು, ಎಂದಳು ಅವಳು.

ಆಫೀಸರುಗಳ ಊಟದ ಹಿಂದಿನ ದಿನ, ಹೊತ್ತು ಇಳಿಯುವಾಗ, ಬೀದಿಯ ತುದಿಯಲ್ಲಿ ಲಗೇಜ್ ಆಟೋ ಒಂದು ಕಾಣಿಸಿತು. ಮುಂದಿನ ಸೀಟಿನಲ್ಲಿ ನಿಂಗಮ್ಮ. ಅಂಜಿನಪ್ಪ ಒಳಗೆ ಓಡಿ ತಟ್ಟೆಗಳನ್ನೆಲ್ಲ ತೊಟ್ಟಿಯ ನೀರಿಗೆ ಅದ್ದಿ, ಬಿಸಿಲಿಗೆ ಸಾಲಾಗಿ ಒರಗಿಸಿ, ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಏದುಸಿರು ನಿಜವಾದದ್ದೇ.

"ಊಟದ ಹೊತ್ತಲ್ಲಿ ಬಂದ್ರೆ ನಿನಗೆ ತೊಂದ್ರೆ ಅಂತ ಲೇಟಾಗಿ ಬಂದೆ," ಎಂದಳು ನಿಂಗಮ್ಮ. ಬಡವಾಗಿದ್ದಳು. "ನನ್ನ ಪಾಲಿನ ಕೊಪ್ಪರಿಗೆ ಇಲ್ಲೇ ಉಳಿದಿತ್ತಲ್ಲ, ತಗೊಂಡೋಗಾನ ಅಂತ. ನಾಳೆಗೆ ಬೇಕು."

"ತಗೋ ತಗೋ. ಈಗಷ್ಟೇ ಎದ್ದೋದ್ರು ನೋಡು ಜನ. ಮೂರು ಪಂಕ್ತಿ. ಗುಬ್ಬಿಯಿಂದ ಒಂದು ಬಸ್ಸು ಮಾಡ್ಕೊಂಡೇ ಬಂದಿದ್ರು."

"ರವೀಶ ಎಲ್ಲಿ?"

"ಸಂತೆಗೆ ಕಳಿಸಿವ್ನಿ. ಸೋಂಬೇರಿ ನನ್ಮಗ."

ನಿಂಗಮ್ಮ ಬೆಂಚಿನ ಮೇಲೆ ಕೂತಳು. ಅಂಜಿನಪ್ಪ ಎದುರಿಗೆ ನಿಂತ. ಈಗ ಕರೆಯುತ್ತಾಳೆ. ಕೊಪ್ಪರಿಗೆ ಒಂದು ನೆಪ, ಕರೆಯಲೆಂದೇ ಬಂದಿದ್ದಾಳೆ. ಅವಳು ಬಾಯಿ ತೆರೆದರೆ ಸಾಕು, ಸ್ವಲ್ಪ ಬಿಂಕ ಮಾಡಿ, ಅಂಗಿ ಬದಲಾಯಿಸಿ, ಆಟೋದ ಹಿಂದೆ ಕೊಪ್ಪರಿಗೆಯೊಳಗೆ ಬೇಕಾದರೂ ಕೂತು ಹೋಗುತ್ತೇನೆ ಎಂದುಕೊಂಡ.

"ಅಲ್ಲಿ ಹೆಂಗಮ್ಮಿ ವ್ಯಾಪಾರ?"

"ಏನ್ ಸ್ವರ್ಗ ಇಟ್ಟವ್ರಾ ಅಲ್ಲಿ? ಅರ್ಧ ಜನ ತುಮಕೂರಿಂದಲೇ ಕಂಪನಿ ಬಸ್ಸಲ್ಲಿ ಬಂದು ಹೋಗ್ತಾರೆ, ಡಬ್ಬಿ ತರ್ತಾರೆ. ಸುತ್ತಲ ಊರಿನೋರಿಗೆ ಕೆಲಸ ಸಿಕ್ಕಿದ್ದು ಗೇಟು ಕಾಯೋದು, ಕಸ ಹೊಡೆಯೋದು. ಸಬ್ಸಿಡಿ ಮುಗಿದ ಮೇಲೆ ಇನ್ನೂ ಹಿಂದುಳಿದಿರೋ ತಾಲ್ಲೂಕು ಯಾವುದು ಅಂತ ಸಾಹುಕಾರ್ರು ಈಗ್ಲೇ ಫೋನಲ್ಲಿ ಮಾತಾಡ್ತಾರೆ." ಅವಳು ಕೈಯನ್ನು ನೋಡಿಕೊಂಡಳು. "ನನ್ನ ಮುದ್ದೆ ಗಂಟು ಗಂಟು ಬತ್ತದೆ. ಸಾರಿಗೋಸ್ಕರ ತಿಂತಾರೆ ಅಷ್ಟೇ."

"ನಾಳೆ ಮುದ್ದೆ ಯಾರದ್ದು ಹಂಗಾದ್ರೆ?" ಎಂದು ಅಂಜಿನಪ್ಪ ಗೋಡೆ ನೋಡುತ್ತ ಕೇಳಿದ.

"ನಿಟ್ಟೂರಿನ ಅಂಜನಮೂರ್ತಿಗೆ ಹೇಳಿದೀನಿ. ನಿನಗೆ ಪುರುಸೊತ್ತಿಲ್ಲ ಅಂದ್ಯಲ್ಲ. ಇಷ್ಟು ಜನಾನ ಬುಟ್ಟು ಬಾ ಅಂತ ಹೆಂಗೆ ಕೇಳ್ಲಿ?"

ಅಂಜಿನಪ್ಪ ನಕ್ಕ. ಟವೆಲ್ಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡ. ಅಂಜನಮೂರ್ತಿ ಒಳ್ಳೆಯವನೇ, ಎಸರು ಕುದಿಯುವ ಮುಂಚೆ ಹಿಟ್ಟು ಸುರಿಯುತ್ತಾನೆ ಅಷ್ಟೇ, ಎಂದ. ಆಮೇಲೆ ಖಾಲಿ ಟೇಬಲ್ಲನ್ನು ಒರೆಸತೊಡಗಿದ.

ಕೊಪ್ಪರಿಗೆಗೆ ಧೂಳು ಹಿಡಿದಿತ್ತು. ತೊಳೆಯಲೆಂದು ನಿಂಗಮ್ಮ ಅದನ್ನು ಉರುಳಿಸಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಮುಸುರೆಯ ಡ್ರಮ್ಮಿತ್ತು. ಉಂಡ ತಟ್ಟೆ ತೊಳೆದ ನೀರು, ಮಿಕ್ಕ ಸಾರು, ಕೊಪ್ಪರಿಗೆಯ ತಳಕ್ಕೆ ಹತ್ತಿದ ಸೀಕು ಎಲ್ಲ ಅದಕ್ಕೇ ಬೀಳುವುದು. ಸತ್ಯಮಂಗಲದ ಮಂಗಳಗೌರಿ ತನ್ನ ಎಮ್ಮೆಗಳಿಗೆಂದು ದಿನಾ ಸಂಜೆ ಹೊತ್ತೊಯ್ಯುತ್ತಿದ್ದಳು. ಮೂರು ಪಂಕ್ತಿ ಎದ್ದುಹೋದ ಮೆಸ್ಸಿನ ಮುಸುರೆ ಡ್ರಮ್ಮು ತುಂಬಿ ತುಳುಕುತ್ತಿರಬೇಕು, ನೊಣ ಮುತ್ತಿರಬೇಕು, ಸುತ್ತ ನಾಯಿಗಳು ಮಲಗಿರಬೇಕು.

ನಿಂಗಮ್ಮ ಮುಚ್ಚಳ ಎತ್ತಿದಳು. ತಳ ಒಣಗಿ ಬಿರುಕು ಬಿಟ್ಟಿತ್ತು. ಬಾಯಿಯ ಅಂಚಿನಿಂದ ಅಂಚಿಗೆ ಜೇಡ ಬಲೆ ಕಟ್ಟಿ, ಯಾರೂ ತನ್ನನ್ನು ಎಬ್ಬಿಸುವುದಿಲ್ಲವೆಂಬ ಧೈರ್ಯದಲ್ಲಿ ನಡುವೆ ಕೂತಿತ್ತು.

ಅವಳು ಮುಚ್ಚಳ ಹಿಡಿದುಕೊಂಡೇ ತಿರುಗಿದಳು. ಅಂಜಿನಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

"ಮಂಗಳಗೌರಿ ಯಾವಾಗಿಂದ ಬರ್ತಿಲ್ಲ?"

"ಎಮ್ಮೆ ಮಾರ್ಬುಟ್ಲು."

"ಯಾಕೆ ಮಾರಿದ್ಲು?"

ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು, ಒಳ್ಳೆಯ ಕೊಬ್ಬಿದ ಸುಳ್ಳು. ಅಂಜಿನಪ್ಪ ಅದನ್ನು ನುಂಗಿಕೊಂಡ.

"ಮುಸುರೆ ಇರ್ಲಿಲ್ಲ ಅಂತ," ಎಂದ. "ಯಾರೂ ಬರಲ್ಲ ಕಣಮ್ಮಿ. ರವೀಶನೂ ಇಲ್ಲ. ತಟ್ಟೆ ಸುಮ್ನೆ ನೀರಿಗೆ ಅದ್ದಿ ಇಟ್ಟೆ. ನೀನು ಆವತ್ತೇ ಇನ್ನೊಂದು ಸಲ ಬಾ ಅಂದಿದ್ರೆ ಬಂದ್‌ಬುಡ್ತಿದ್ದೆ. ಅನ್ಲಿಲ್ಲ ನೀನು. ನನಗೊಬ್ಬನಿಗೆ ಒಂದು ಮುದ್ದೆ ತೊಳಸೋಕೂ ಬರಲ್ಲ ಈಗ. ನೂರು ಮುದ್ದೆಗೆ ಪಳಗಿದ ಕೈ ಇದು. ಒಂದಕ್ಕೆ ನೀರು ಎಷ್ಟು, ಹಿಟ್ಟು ಎಷ್ಟು, ಕೈಗೆ ಗೊತ್ತಾಗಲ್ಲ. ದಿನಾ ಗಂಟು. ಗಂಟೇ ಉಣ್ತೀನಿ."

ನಿಂಗಮ್ಮ ಮುಚ್ಚಳವನ್ನು ಬಲೆ ಹರಿಯದಂತೆ ಮೆಲ್ಲಗೆ ವಾಪಸು ಇಟ್ಟಳು. ಕೊಪ್ಪರಿಗೆ ತೊಳೆದಳು. ತೊಳೆದಾದ ಮೇಲೆ ಅದನ್ನೆತ್ತುವ ಒಂದು ಬಳೆ ಹಿಡಿದು ಬಗ್ಗಿ ನಿಂತಳು. ಒಬ್ಬರೇ ಎತ್ತುವ ಪಾತ್ರೆಯಲ್ಲ ಅದು. ಇನ್ನೊಂದು ಬಳೆ ಅವನ ಕಡೆಗಿತ್ತು.

"ಕೋಲು ತಗೋ ಮೊದಲು," ಎಂದಳು. "ಅಂಜನಮೂರ್ತಿ ಈರುಳ್ಳಿ ಹೆಚ್ಚಲಿ."

ಅಂಜಿನಪ್ಪ ಹಿಟ್ಟಿನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಂಗಿ ಬದಲಾಯಿಸದೆ, ಬಿಂಕ ಮಾಡದೆ, ಬಳೆಗೆ ಕೈ ಹಾಕಿದ. ಇಬ್ಬರೂ ಕೊಪ್ಪರಿಗೆ ಎತ್ತಿಕೊಂಡು ಮುಚ್ಚಿದ ಶಟರುಗಳ ನಡುವೆ ಆಟೋದ ಕಡೆ ನಡೆದರು. ಬೋರ್ಡಿನ ಕೆಳಗೆ ಹಾಯುವಾಗ ನಿಂಗಮ್ಮ ತಲೆಯೆತ್ತಿ ರೆಕ್ಕೆಯ ಸೌತೆಕಾಯಿಯನ್ನು ನೋಡಿದಳು.

"ಹೆಲಿಕಾಪ್ಟರೂ ಸುಳ್ಳೇನಾ ಅಣ್ಣಯ್ಯ?"

ಅವನು ಕಂಕುಳ ಕೋಲನ್ನು ಬಿಗಿಮಾಡಿಕೊಂಡ.

"ಬಂದಿದ್ದು ನಿಜ. ಮುದ್ದೆ ಎತ್ತಲಿಲ್ಲ. ಅದರ ಪಾಡಿಗೆ ಅದು ಮೇಲೆ ಹೋಯ್ತಿತ್ತು. ಸದ್ದು ಕೇಳಿ ಕೋಲು ಹಿಡ್ಕೊಂಡೇ ಆಚೆಗೆ ಓಡಿ ಬಂದೆ. ನೋಡ್ರಲಾ ಅಂತ ತಿರುಗಿದ್ರೆ, ಬೀದೀಲಿ ಯಾರೂ ಇರ್ಲಿಲ್ಲ."