ಲೈನ್ ಎಂಗೇಜ್ ಇದ್ದ ಸೋಮವಾರ

ಕೇಶವಮೂರ್ತಿ ಅಪ್ಪಿತಪ್ಪಿಯೂ ಸುಳ್ಳು ಬರೆಯದ ಜಾಗವೊಂದಿತ್ತು. ಅದು ಅವನ ಪೋಕರ್ ನೋಟ್‌ಬುಕ್. ಬೇರೆ ಕಡೆಗಳಲ್ಲಿ ಅವನೂ ನಮ್ಮ ನಿಮ್ಮ ಹಾಗೆಯೇ. ಊರಿನವರು ಕೇಳಿದರೆ ಆಕ್ಲೆಂಡಿನಲ್ಲಿ ಅಂಥ ಚಳಿಯೇನಿಲ್ಲ ಅನ್ನುತ್ತಿದ್ದ, ತಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಮೇಲಧಿಕಾರಿ ಮಾಡಿ ತಂದ ಒಣಕಲು ಕೇಕನ್ನು ಅಮೃತ ಅನ್ನುತ್ತಿದ್ದ. ನೋಟ್‌ಬುಕ್ಕಿನಲ್ಲಿ ಮಾತ್ರ ಅಪ್ಪಟ ಸತ್ಯವಂತ.

ಆಡುತ್ತಿದ್ದದ್ದು ಮನೆಮಠ ಮಾರುವ ಜೂಜಲ್ಲ. ಇಂಟರ್ನೆಟ್ಟಿನಲ್ಲಿ ಎರಡು ಡಾಲರ್ ಕಟ್ಟಿ ಸೇರುವ ಇಸ್ಪೀಟಿನ ಟೂರ್ನಮೆಂಟು. ಒಂಬೈನೂರು ಜನ ಸೇರುತ್ತಾರೆ, ಎಲ್ಲರಿಗೂ ಒಂದೇ ಸಮ ಚಿಪ್ಸ್, ಅಂದರೆ ಪಣದ ಬಿಲ್ಲೆ, ಕೊಡುತ್ತಾರೆ, ಚಿಪ್ಸ್ ಖಾಲಿಯಾದವನು ಹೊರಗೆ, ಕಡೆಗೆ ಉಳಿದವನು ಗೆದ್ದ. ಮೊದಲ ವರ್ಷ ಕೇಶವಮೂರ್ತಿ ಕೈಗೆ ಬಂದ ಎಲೆಯನ್ನೆಲ್ಲ ಆಡಿ, ಊಟದ ಪಂಕ್ತಿಯಲ್ಲಿ ಸಾರಿಗೇ ಎದ್ದವನ ಹಾಗೆ ಎಲ್ಲರಿಗಿಂತ ಮೊದಲು ಎದ್ದು ಬರುತ್ತಿದ್ದ. ಆಮೇಲೆ ಲ್ಯಾಬಿನವನ ಬುದ್ಧಿ ಎಚ್ಚೆತ್ತಿತು. ಯಾರದೋ ರಕ್ತಕ್ಕೆ ಅಷ್ಟು ಕಟ್ಟುನಿಟ್ಟಾಗಿ ದಾಖಲೆ ಇಡುವವನು ತನ್ನ ಸೋಲಿಗೆ ಯಾಕೆ ಇಡಬಾರದು? ಒಂದು ನೋಟ್‌ಬುಕ್ ತಂದು ಗೆರೆ ಎಳೆದ. ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಎಷ್ಟು ಜನರಲ್ಲಿ ಎಷ್ಟನೆಯವನು, ಕೊನೆಯ ಕಾಲಮ್ಮಿನಲ್ಲಿ 'ನನ್ನ ತಪ್ಪು'.

ಆ ಕೊನೆಯ ಕಾಲಮ್ಮೇ ಅವನಿಗೆ ಗುರುವಾಯಿತು. ನೂರೈವತ್ತು ಟೂರ್ನಮೆಂಟ್ ಮುಗಿದ ಮೇಲೆ ಕೂತು ಓದಿದರೆ ಅರವತ್ತೊಂದು ಕಡೆ ಒಂದೇ ರೋಗ. ರಾಜನ ಎಲೆ ಕಂಡದ್ದೇ ತಡ, ಅದರ ಜೊತೆಗಿರುವುದು ಎಂಥ ದರಿದ್ರದ ಎಲೆ ಅಂತಲೂ ನೋಡದೆ ನುಗ್ಗಿದ್ದು. ರಾಜನನ್ನು ಬಿಡುವುದು ಕಲಿತ. ಎಲೆ ಎಸೆದು ಸುಮ್ಮನೆ ಕೂರುವುದು ಕಲಿತ. ಐನೂರನೆಯವನಾಗಿ ಹೊರಬೀಳುತ್ತಿದ್ದವನು ಇನ್ನೂರಕ್ಕೆ ಬಂದ, ನೂರಕ್ಕೆ ಬಂದ, ಆರು ಸಲಕ್ಕೊಮ್ಮೆ ಬಹುಮಾನವೂ ಬರತೊಡಗಿತು. ಬಂದ ದುಡ್ಡಿಗಿಂತ ಅವನಿಗೆ ಹಿಗ್ಗು ತಂದದ್ದು ಆ ಇಳಿಯುವ ಅಂಕಿ. ನಲವತ್ತರ ಹೊಸಿಲಲ್ಲಿರುವ ಮನುಷ್ಯ ಯಾವುದೋ ಒಂದರಲ್ಲಿ ದಿನದಿನಕ್ಕೆ ಉತ್ತಮನಾಗುತ್ತಿದ್ದಾನೆ ಅಂದರೆ ಸಣ್ಣ ಮಾತೇ?

ಹೆಂಡತಿ ಅರುಂಧತಿಗೆ ಇದೆಲ್ಲ ಗೊತ್ತಿತ್ತು. ಅವಳು ಹಿಲ್ಸ್‌ಬರೋದ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸು. ಸ್ಯಾಂಡ್ರಿಂಗಮ್‌ನ ಬಾಡಿಗೆ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ವಾಪಸಾಗುವುದು ಸಂಜೆ ಐದಕ್ಕೆ. 'ಎರಡು ಡಾಲರಿಗೆ ಗಂಡ ಮನೆಯಲ್ಲೇ ಇರ್ತಾನೆ, ಅಗ್ಗ ಆಯ್ತು' ಅಂತ ತಮಾಷೆ ಮಾಡುತ್ತಿದ್ದಳು. ಒಂದೇ ಕರಾರು ಹಾಕಿದ್ದಳು. ಆಗಿನ್ನೂ ಇಂಟರ್ನೆಟ್ಟಿಗೂ ಫೋನಿಗೂ ಒಂದೇ ತಂತಿ. ಇದು ನಡೆಯುತ್ತಿದ್ದರೆ ಅದು ಎಂಗೇಜ್. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅವಳ ತವರು ಮೈಸೂರಿನಲ್ಲಿ ಬೆಳಗಾಗುತ್ತದೆ. ಎರಡಾದ ಮೇಲೆ ಲೈನ್ ಖಾಲಿ ಇರಬೇಕು.

ಯಾಕೆಂದರೆ ಅವಳು ತಾಯಿಯ ಫೋನಿಗೆ ಕಾಯುತ್ತಿದ್ದಳು. ತಮ್ಮ ಮುರಳಿಯ ಮದುವೆಗೆ ರಜೆ ಸಿಗದೆ ಹೋಗಲಾಗಿರಲಿಲ್ಲ. ಅಂದಿನಿಂದ ತಾಯಿ ಕಮಲಮ್ಮ ಮಾತು ಬಿಟ್ಟಿದ್ದರು. ಇವಳು ಕರೆ ಮಾಡಿದಾಗಲೆಲ್ಲ ಮುರಳಿ 'ಅಮ್ಮ ಸ್ನಾನಕ್ಕೆ ಹೋಗಿದಾಳೆ ಅಕ್ಕಾ' ಅನ್ನುತ್ತಿದ್ದ. ಆ ಎಂಟು ತಿಂಗಳಲ್ಲಿ ಕಮಲಮ್ಮನಷ್ಟು ಸ್ನಾನ ಮಾಡಿದವರು ಮೈಸೂರಿನಲ್ಲಿ ಇನ್ನೊಬ್ಬರಿರಲಾರರು. ಅಷ್ಟರಲ್ಲಿ ಅವರ ಎದೆಗೆ ಬೈಪಾಸ್ ಆಪರೇಷನ್ ನಿಗದಿಯಾಯಿತು, ಗುರುವಾರಕ್ಕೆ. 'ಆಪರೇಷನ್ನಿಗೆ ಮುಂಚೆ ಮಾತಾಡ್ತಾಳಂತೆ ಅಕ್ಕಾ. ತಾನೇ ಮಾಡ್ತಾಳಂತೆ, ನೀನು ಮಾಡ್ಬಾರ್ದಂತೆ' ಎಂದ ಮುರಳಿ. ಅವತ್ತು ಅರುಂಧತಿ ಅಡುಗೆಮನೆಯಲ್ಲಿ ನಿಂತು ಅತ್ತೂ ನಕ್ಕೂ ಮಾಡಿದಳು.

ಎರಡು ಸಾವಿರದ ಐದರ ಫೆಬ್ರವರಿಯ ಆ ಸೋಮವಾರ ಕೇಶವಮೂರ್ತಿಗೆ ರಜೆ. ನಮ್ಮ ಸೋಮವಾರವೆಂದರೆ ಅಮೆರಿಕದವರ ಭಾನುವಾರ, ಹೆಚ್ಚು ಜನ ಸೇರುವ ಹೊತ್ತು. ಹನ್ನೆರಡೂವರೆಯ ಟೂರ್ನಮೆಂಟಿಗೆ ಸೇರಿದ. ಎರಡರೊಳಗೆ ಹೇಗಿದ್ದರೂ ಹೊರಬೀಳುತ್ತೇನೆ ಅಂದುಕೊಂಡ. ನೋಟ್‌ಬುಕ್ ಇಡುವವನಿಗೆ ತಾನೆಷ್ಟು ಸುಧಾರಿಸಿದ್ದೇನೆ ಅನ್ನುವುದೇ ಆ ಹೊತ್ತಿಗೆ ನೆನಪಾಗಲಿಲ್ಲ. ಎರಡಾಯಿತು, ಇನ್ನೂರು ಜನ ಉಳಿದಿದ್ದರು. ಆಪರೇಷನ್ ಇರುವುದು ಗುರುವಾರ ತಾನೇ ಅಂದುಕೊಂಡ. ಮೂರಾಯಿತು, ಅರವತ್ತು ಜನ. ಅಂದು ಅವನು ಆಡಿದ ಹಾಗೆ ಹಿಂದೆಂದೂ ಆಡಿರಲಿಲ್ಲ. ಬಿಡಬೇಕಾದದ್ದನ್ನು ಬಿಟ್ಟ, ಹಿಡಿಯಬೇಕಾದದ್ದನ್ನು ಹಿಡಿದ. ನಾಲ್ಕು ಮುಕ್ಕಾಲಿಗೆ ಒಂಬೈನೂರ ಹನ್ನೆರಡು ಜನರಲ್ಲಿ ಮೊದಲನೆಯವನಾದ. ನಾನೂರು ಡಾಲರ್ ಚಿಲ್ಲರೆ. ನೋಟ್‌ಬುಕ್ ತೆಗೆದು ಹೊತ್ತು ಬರೆದ, ಸ್ಥಾನ ಬರೆದ, ಕೊನೆಯ ಕಾಲಮ್ಮಿನಲ್ಲಿ ಮೊಟ್ಟಮೊದಲ ಬಾರಿಗೆ 'ಇಲ್ಲ' ಎಂದು ಬರೆದು ಕೆಳಗೊಂದು ಗೆರೆ ಎಳೆದ.

ಮುರಳಿಯ ಫೋನ್ ಬಂದದ್ದು ರಾತ್ರಿ ಎಂಟರ ಮೇಲೆ. ಗುರುವಾರದ ಬದಲು ಸೋಮವಾರವೇ ಜಾಗ ಸಿಕ್ಕಿತೆಂದು ಡಾಕ್ಟರು ಬೆಳಿಗ್ಗೆಯೇ ಒಳಗೆ ಕರೆದುಕೊಂಡಿದ್ದರು. ಕಮಲಮ್ಮ ಆಪರೇಷನ್ ಮೇಜಿನ ಮೇಲೆಯೇ ಹೋಗಿಬಿಟ್ಟರು.

"ಇಲ್ಲಿ ಬೆಳಿಗ್ಗೆ ಏಳು ಗಂಟೆಯಿಂದ ಎಂಟೂವರೆ ತನಕ ಅಮ್ಮನೂ ನಾನೂ ಮಾಡಿದೀವಿ ಅಕ್ಕಾ. ಎಂಗೇಜು, ಎಂಗೇಜು. ಯಾರ ಜೊತೆ ಮಾತಾಡ್ತಿದ್ದೆ ನೀನು?" ಮುರಳಿ ಅಳುತ್ತಿದ್ದ. "ಅಮ್ಮ ಒಳಗೆ ಹೋಗೋವಾಗ ಏನಂದ್ಲು ಗೊತ್ತಾ? 'ನನ್ನ ಮೇಲೆ ಕೋಪಕ್ಕೆ ಫೋನು ತೆಗೆದಿಟ್ಟಿದಾಳೆ ಬಿಡು' ಅಂದ್ಲು."

ಅರುಂಧತಿ ರಿಸೀವರ್ ಹಿಡಿದೇ ಗಂಡನ ಕಡೆ ತಿರುಗಿದಳು. "ರೀ, ಮಧ್ಯಾಹ್ನ ಇಂಟರ್ನೆಟ್ ಹಾಕಿದ್ರಾ?"

"ಇಲ್ವಲ್ಲ. ಮಲಗಿದ್ದೆ," ಅಂದ ಕೇಶವಮೂರ್ತಿ.

ಬಾಯಿಂದ ಬಿದ್ದುಹೋಯಿತು. ಹೆದರಿಕೆಗೆ ಬಂದ ಮಾತು. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಅವಳು ವಿಮಾನದಲ್ಲಿದ್ದಳು. ಹದಿನೈದು ದಿನ ಕಳೆದು ವಾಪಸಾಗುವ ಹೊತ್ತಿಗೆ ಅವಳೇ ಒಂದು ಉತ್ತರ ಹುಡುಕಿಕೊಂಡು ಬಂದಿದ್ದಳು. ಆ ಸೋಮವಾರ ಬೆಳಿಗ್ಗೆ ಫೋನಿನ ಧೂಳು ಒರೆಸಿದವಳು ಅವಳೇ. ರಿಸೀವರ್ ಸರಿಯಾಗಿ ಕೂತಿರಲಿಲ್ಲ, ಸಂಜೆ ಬಂದು ಚೀಲ ಇಡುವಾಗ ಕೈತಾಗಿ ತಾನಾಗಿ ಕೂತಿರಬೇಕು. ಮುರಳಿಗೆ ಇದನ್ನು ಹೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಗಂಡನಿಗೆ ಹೇಳಿದಳು. ಹೇಳಿ, ಅವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಆ ತಲೆ ಸವರುತ್ತ ಕೂತನಲ್ಲ, ಆ ಕೈಗೆ ಏನನ್ನಬೇಕು!

ಅಂದಿನಿಂದ ಅವಳು ಕೆಲಸಕ್ಕೆ ಹೊರಡುವ ಮುಂಚೆ ರಿಸೀವರ್ ಎತ್ತಿ, ಸದ್ದು ಕೇಳಿ, ಎರಡೂ ಕೈಯಲ್ಲಿ ಹಿಡಿದು ಮಲಗಿದ ಮಗುವನ್ನು ಇಡುವ ಹಾಗೆ ಇಡುತ್ತಿದ್ದಳು. ಬಸ್ ಸ್ಟಾಪಿನ ತನಕ ಹೋಗಿ ಮತ್ತೆ ಬಂದು ನೋಡುತ್ತಿದ್ದಳು. ಕೇಶವಮೂರ್ತಿ ಆಟ ಬಿಟ್ಟ. ಬಿಟ್ಟರೇನು, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡವನಿಗೆ ಉಪವಾಸದಿಂದ ಏನಾಗಬೇಕು? ಏಪ್ರಿಲ್‌ನ ಒಂದು ಬೆಳಿಗ್ಗೆ ಅವಳು ಮೂರನೆಯ ಸಲ ವಾಪಸು ಬಂದಳು. ಬಸ್ಸು ಕಣ್ಣೆದುರೇ ಹೋಯಿತು. ಫೋನಿನ ಪಕ್ಕ ನಿಂತು, "ನಂಗೆ ಹುಚ್ಚು ಹಿಡೀತಿದೆ ಅಲ್ವಾ ರೀ?" ಅಂದಳು.

ಕೇಶವಮೂರ್ತಿ ಒಳಗೆ ಹೋಗಿ ನೋಟ್‌ಬುಕ್ ತಂದು, ಆ ಪುಟ ಬಿಡಿಸಿ ಅವಳ ಮುಂದಿಟ್ಟ. ಬಾಯಿಗೆ ಆಗದ್ದನ್ನು ಅವನ ಅಕ್ಷರವೇ ಹೇಳಿತು.

ಅವಳು ಓದಿದಳು. ಕಿರುಚುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಅಂತ ಕಾದ. ಅವಳು ಕುರ್ಚಿಯ ಮೇಲೆ ಕೂತು, ರೋಗಿಯನ್ನು ವಿಚಾರಿಸುವ ದನಿಯಲ್ಲಿ ಕೇಳಿದಳು:

"ಹನ್ನೆರಡೂವರೆಯಿಂದ ನಾಲ್ಕು ಮುಕ್ಕಾಲು. ಮಧ್ಯೆ ಏಳೋದೇ ಇಲ್ವಾ?"

"ಗಂಟೆಗೊಂದ್ಸಲ ಐದು ನಿಮಿಷ ಬಿಡುವು ಕೊಡ್ತಾರೆ."

"ಎರಡಾದ್ಮೇಲೆ ಎಷ್ಟೆಷ್ಟೊತ್ತಿಗೆ?"

"ಎರಡು ಐವತ್ತೈದಕ್ಕೆ. ಮೂರು ಐವತ್ತೈದಕ್ಕೆ."

ಅವಳ ತುಟಿ ಅಲುಗಿತು. ಮೈಸೂರಿನ ಹೊತ್ತಿಗೆ ಲೆಕ್ಕ ಹಾಕುತ್ತಿದ್ದಳು. ಏಳು ಇಪ್ಪತ್ತೈದು. ಎಂಟು ಇಪ್ಪತ್ತೈದು.

"ಆವಾಗೇನ್ ಮಾಡಿದ್ರಿ?"

"ಮೊದಲ್ನೇದಕ್ಕೆ ಟೀ ಮಾಡ್ಕೊಂಡೆ. ಎರಡನೇದಕ್ಕೆ ಮೋಡ ಆಗಿತ್ತು. ತಂತಿ ಮೇಲಿದ್ದ ನಿನ್ನ ಬಟ್ಟೆ ಒಳಗೆ ತಂದೆ. ಲೈನ್ ಕಟ್ ಮಾಡಿದ್ರೆ ಮತ್ತೆ ಸಿಗಲ್ವೇನೋ ಅಂತ..."

"ಬಟ್ಟೆ ತಂದ್ರಿ," ಅಂದಳು. ಮತ್ತೊಮ್ಮೆ, "ಬಟ್ಟೆ ತಂದ್ರಿ" ಅಂದಳು. ಎರಡು ತಿಂಗಳು ತನ್ನನ್ನೇ ತಿಂದುಕೊಂಡ ಹೆಂಗಸಿಗೆ ಈಗ ಹಗುರವಾಗಬೇಕಿತ್ತು. ಆಗಲಿಲ್ಲ. ದುಃಖ ಹಾಗೆಲ್ಲ ಕೈ ಬದಲಾಯಿಸಿ ಹೋಗಿಬಿಡುವ ಸಾಮಾನಲ್ಲ.

ಆ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಫೋನಿನ ಮುಂದೆ ಕೂತು ಮೈಸೂರಿನ ನಂಬರ್ ಒತ್ತಿದಳು. ಕೇಶವಮೂರ್ತಿ ಬಾಗಿಲಲ್ಲಿ ನಿಂತಿದ್ದ. ಹೇಳಲಿ ಅಂದುಕೊಂಡ. ಇನ್ನು ಆ ಮನೆಯ ಹೊಸಿಲು ತುಳಿಯುವ ಯೋಗ್ಯತೆ ತನಗಿಲ್ಲ, ಮುರಳಿ ಬೈಯಲಿ, ಊರೆಲ್ಲ ಉಗಿಯಲಿ. ನಿಜ ಹೇಳಬೇಕೆಂದರೆ ಅವನು ಅದಕ್ಕಾಗಿ ಹಸಿದಿದ್ದ.

"ಮುರಳಿ, ನಾನು ಕಣೋ. ಇಡ್ಬೇಡ, ಒಂದ್ ಮಾತು," ಅಂದಳು ಅರುಂಧತಿ. "ಆವತ್ತು ಅಮ್ಮ ಫೋನ್ ಮಾಡಿದ್ಲಲ್ಲ. ರಿಸೀವರ್ ಸರಿಯಾಗಿ ಇಟ್ಟಿರ್ಲಿಲ್ಲ. ನಾನೇ. ಧೂಳು ಒರೆಸೋಕೆ ಹೋಗಿ. ಅಲ್ಲಿದ್ದಾಗ್ಲೇ ಗೊತ್ತಾಗಿತ್ತು, ಹೇಳೋಕಾಗ್ಲಿಲ್ಲ."

ಆ ಕಡೆಯಿಂದ ಮುರಳಿ ಏನೋ ಕೇಳಿದ.

"ಭಾವ ಮನೇಲೇ ಇದ್ರು. ಮಲಗಿದ್ರು ಪಾಪ, ಶನಿವಾರ ಭಾನುವಾರ ಎಲ್ಲ ಡ್ಯೂಟಿ. ಅವರಿಗೇನು ಗೊತ್ತಾಗ್ಬೇಕು?"

ಕೇಶವಮೂರ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಫೋನಿನಿಂದ ಮುರಳಿಯ ದನಿ ಏರಿ ಅವನಿಗೂ ಕೇಳಿಸಿತು: "ಎರಡ್ ತಿಂಗಳಿಂದ ಗೊತ್ತಿತ್ತಾ ನಿಂಗೆ? ಇಲ್ಲಿಗೆ ಬಂದು ಅಮ್ಮನ ಫೋಟೋ ಮುಂದೆ ನಿಂತು, ನನ್ನ ಮುಖ ನೋಡ್ಕೊಂಡು, ಗೊತ್ತಿಲ್ಲ ಅಂದ್ಯಲ್ಲ! ಇನ್ನು ಫೋನ್ ಮಾಡ್ಬೇಡ ಅಕ್ಕಾ." ಲೈನ್ ಕಟ್ಟಾಯಿತು. ಅರುಂಧತಿಗೆ ಇದ್ದದ್ದು ಅದೊಂದೇ ತವರು.

"ಯಾಕೆ ಹಾಗಂದೆ?" ಕೇಶವಮೂರ್ತಿ ಕೇಳಿದ. "ನಂದು ತಪ್ಪು ಅಂತ ಹೇಳ್ಬಾರ್ದಿತ್ತಾ? ನನ್ನ ಮರ್ಯಾದೆ ಉಳಿಸಿ ಏನಾಗ್ಬೇಕು?"

"ನಿಮಗೋಸ್ಕರ ಅಲ್ಲ," ಅಂದಳು ಅರುಂಧತಿ. ಅವನ ಕಡೆ ನೋಡಲಿಲ್ಲ. "ಅಮ್ಮ ನನ್ನ ಮೇಲೆ ಕೋಪ ಮಾಡ್ಕೊಂಡು ಹೋದ್ಲು. ಆ ಕೋಪ ಒಂದಾದ್ರೂ ನಂದಾಗಿರ್ಲಿ. ಇಸ್ಪೀಟಿನ ಪಾಲು ಮಾಡಲ್ಲ ನಾನು ಅದನ್ನ."