ಗುಡಿಸಿ ಹಾಕಿದ ಸ್ಪ್ರಿಂಗು

ಹಳೆಯ ರೇಡಿಯೊಗಳನ್ನು ರಿಪೇರಿ ಮಾಡುವ ಆ ಹೆಂಗಸಿಗೆ ಗಿರಾಕಿಗಳ ಮೇಲೆ ಸಿಟ್ಟು ಬರುವುದು ಅಪರೂಪ. ಅವತ್ತು ಮಾತ್ರ ಪಿತ್ತ ನೆತ್ತಿಗೇರಿತು.

ರೇಡಿಯೊ ತಂದವನು ಐವತ್ತು ದಾಟಿದ ಮನುಷ್ಯ. ಸ್ಟೇಷನ್ ಹಿಡಿಯುವ ನಾಬ್ ಅಂಟಿಕೊಂಡು ಕೂತಿತ್ತು. "ಲೂಜಾಗಿತ್ತು, ಮೊನ್ನೆ ಗಮ್ ಹಾಕ್ದೆ. ಈಗ ಅಲ್ಲಾಡ್ತಾನೇ ಇಲ್ಲ," ಎಂದ. "ನಮ್ಮಕ್ಕಂದು. ಕಣ್ಣು ಕಾಣಲ್ಲ. ಐದು ತಿಂಗಳಿಂದ ಒಂದೇ ರಾಗ, ತಿರುಗಿಸಿದ್ರೂ ಸ್ಟೇಷನ್ ಬರಲ್ಲ ಅಂತ. ವಯಸ್ಸಾಯ್ತಲ್ಲ, ಬೆರಳಿನ ಸ್ಪರ್ಶವೇ ಹೋಗಿದೆ."

ರಿಪೇರಿಯವಳು ಬಿಸಿಗಾಳಿ ಊದಿ, ಗಮ್ ಮೆತ್ತಗಾದ ಮೇಲೆ ನಾಬ್ ಕಿತ್ತಳು. ತೂತಿನೊಳಗೆ ಇಣುಕಿದಳು. ಉಗುರಿನಷ್ಟು ಉದ್ದದ ಬಾಗಿದ ಉಕ್ಕಿನ ಪಟ್ಟಿಯೊಂದು ಅಲ್ಲಿರಬೇಕಿತ್ತು. ರೇಡಿಯೊದಿಂದ ಹೊರಚಾಚಿದ, ಸ್ಟೇಷನ್ ಬದಲಿಸುವ ಕಡ್ಡಿಯನ್ನು ಅಮುಕಿ ಹಿಡಿಯುವುದು ಅದೇ. ಅದಿಲ್ಲದಿದ್ದರೆ ನಾಬ್ ಎಷ್ಟು ಸುತ್ತಿದರೂ ಕಡ್ಡಿ ತಿರುಗುವುದಿಲ್ಲ.

"ಇದರೊಳಗಿನ ಸ್ಪ್ರಿಂಗ್ ಎಲ್ಲಿ?"

"ಅದಾ? ಐದು ತಿಂಗಳ ಹಿಂದೆ ಧೂಳು ಒರೆಸೋಕೆ ನಾಬ್ ಕಿತ್ತಾಗ ಏನೋ ಬಿತ್ತು. ತಗಡಿನ ಚೂರು ಅಂತ ಗುಡಿಸಿ ಹಾಕ್ದೆ."

"ಅಕ್ಕನಿಗೆ ಹೇಳಿದ್ರಾ?"

"ಅಷ್ಟಕ್ಕೆಲ್ಲ ಏನ್ ಹೇಳೋದು. ಅವಳ ಕೈ ನಂಬೋ ಹಾಗಿಲ್ಲ ಮೇಡಂ. ಒಲೆ ಹಚ್ಚೋದನ್ನೂ ಬಿಡಿಸಿದ್ದೀನಿ."

ಅವಳು ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದಳು. "ನೀವು ಹೊರಡಿ. ವಿಳಾಸ ಬರೆದಿಡಿ. ನಾನೇ ತಂದುಕೊಡ್ತೀನಿ."

ಡ್ರಾಯರಿನಲ್ಲಿದ್ದ ಸ್ಪ್ರಿಂಗುಗಳಲ್ಲಿ ಒಂದೂ ಆ ತೂತಿಗೆ ಹೊಂದಲಿಲ್ಲ. ಹಳೆಯ ಅಳತೆ ಟೇಪಿನಿಂದ ಪಟ್ಟಿ ಕತ್ತರಿಸಿ ಬಗ್ಗಿಸಿದಳು. ಸಿಟ್ಟಿನ ಕೈ, ಮೊದಲನೆಯದು ಪಟ್ಟೆಂದು ಮುರಿಯಿತು. ಎರಡನೆಯದು ಸರಿಯಾಗಿ ಕೂತಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದವನು ತಮ್ಮ. ಒಳಗೆ ಕಿಟಕಿಯ ಪಕ್ಕ ಅಕ್ಕ ಕೂತಿದ್ದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆರಳ ತುದಿಯಲ್ಲೇ ಊರನ್ನು ಊರಿಗೆ ಜೋಡಿಸಿದವಳು. ಈಗ ಎರಡೂ ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿದ್ದಳು.

ರಿಪೇರಿಯವಳು ಸ್ಪ್ರಿಂಗ್ ತೆಗೆದಿಟ್ಟು, ಬರೀ ನಾಬ್ ಸಿಕ್ಕಿಸಿದಳು. "ತಿರುಗಿಸಿ ನೋಡಿ."

ಅಕ್ಕ ತಿರುಗಿಸಿದಳು. "ಹೀಗೇ ಆಗೋದು. ಸುತ್ತುತ್ತೆ, ಎಲ್ಲಿಗೂ ಹೋಗಲ್ಲ. ನನ್ನ ಕೈಯೇ ಸರಿಯಿಲ್ಲ ಬಿಡಿ."

"ಕೈಯಲ್ಲ, ನಾಬಿನೊಳಗೆ ಇದು ಇರ್ಲಿಲ್ಲ," ಎಂದು ರಿಪೇರಿಯವಳು ಅವಳ ಅಂಗೈ ಮೇಲೆ ಸ್ಪ್ರಿಂಗ್ ಇಟ್ಟಳು. ಅಕ್ಕ ಅದನ್ನು ಹೆಬ್ಬೆರಳಿನಿಂದ ಸವರಿದಳು. "ಪಟ್ಟಿ. ನಡುವೆ ಬಾಗಿದೆ. ಒಂದು ತುದಿ ಸ್ವಲ್ಪ ಚೂಪಿದೆ."

"ಆ ತುದಿ ಉಜ್ಜೋದು ಮರ್ತಿದ್ದೆ. ನನ್ನ ಕೈಗೇ ಗೊತ್ತಾಗ್ಲಿಲ್ಲ, ನಿಮಗೆ ಗೊತ್ತಾಯ್ತು."

ಸ್ಪ್ರಿಂಗ್ ಒಳಗೆ ಕೂತಿತು. ಅಕ್ಕ ತಿರುಗಿಸಿದಳು. ಗೊರಗೊರ ಸದ್ದಿನ ನಡುವಿಂದ ಸುದ್ದಿ ಓದುವವನ ದನಿ ಎದ್ದು ಬಂತು. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಮೊದಲು ಇದ್ದದ್ದು ಎಲ್ಲಿ ಹೋಯ್ತು?"

"ನಿಮ್ಮ ತಮ್ಮನ್ನ ಕೇಳಿ."

ತಮ್ಮ ಒಂದು ಹೆಜ್ಜೆ ಮುಂದೆ ಬಂದ. "ಬೇಕು ಅಂತ ಮಾಡಿದ್ದಲ್ಲ ಅಕ್ಕಾ. ಒರೆಸುವಾಗ ಬಿತ್ತು."

"ಬಿದ್ದಿದ್ದಕ್ಕೆ ನಾನೇನೂ ಅನ್ನಲ್ಲ," ಅಕ್ಕನ ದನಿ ತಗ್ಗಿತ್ತು. "ನನ್ನ ಬೆರಳು ಸತ್ತಿದೆ ಅಂದ್ಯಲ್ಲೋ. ನಿಜವಾ ಅಂತ ಸೂಜಿ ಚುಚ್ಚಿ ನೋಡ್ಕೊಂಡೆ. ದಿನಾ ಚುಚ್ಚಿಕೊಂಡೆ. ನೋಯ್ತಿತ್ತು. ಆದ್ರೂ ನಿನ್ನ ಮಾತನ್ನೇ ನಂಬ್ದೆ."

ರಿಪೇರಿಯವಳು ಆಗಷ್ಟೇ ಆ ಬೆರಳ ತುದಿಗಳನ್ನು ನೋಡಿದಳು. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಬಯ್ಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು ಅಕ್ಕನ ಪಕ್ಕದಲ್ಲಿ ಕೂತಳು.

"ಒಲೆಯ ಲೈಟರ್ ಕೊಡು," ಎಂದಳು ಅಕ್ಕ.

"ಅಕ್ಕಾ, ಟೀ ನಾನೇ..."

"ಕೊಡು ಅಂದೆ."

ಅವನು ಬೀಗ ಹಾಕಿದ್ದ ಕಪಾಟಿನಿಂದ ಲೈಟರ್ ತೆಗೆದುಕೊಟ್ಟ. ಅಕ್ಕ ಅಡುಗೆಮನೆಗೆ ಹೋದಳು. ಒಂದೇ ಒತ್ತಿಗೆ ಒಲೆ ಹತ್ತಿದ್ದು ಹೊರಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಕ್ಕ ಒಂದು ಹನಿಯೂ ಚೆಲ್ಲದೆ ಟೀ ತಂದಳು. ತಟ್ಟೆಯಲ್ಲಿ ಎರಡೇ ಲೋಟಗಳಿದ್ದವು. ತಮ್ಮ ಬಾಗಿಲಿಗೊರಗಿ ನಿಂತೇ ಇದ್ದ. ಕೂರು ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.