ಹವಳದ ದ್ವೀಪಕ್ಕೆ ತಮ್ಮ ಹಾಕಿದ ಟೈಮ್‌ಟೇಬಲ್

ಒದ್ದೆ ರಬ್ಬರಿನ ವಾಸನೆ ಅಂದರೆ ಅಕ್ಕನಿಗೆ ಇವತ್ತಿಗೂ ಅಪ್ಪನ ಸೈಕಲ್ ಅಂಗಡಿ. ಪಂಕ್ಚರಾದ ಟ್ಯೂಬಿಗೆ ಗಾಳಿ ತುಂಬಿ ಅಪ್ಪ ಅದನ್ನು ತಗಡಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ಗುಳ್ಳೆ ಹುಡುಕುವ ಕೆಲಸ ಅವಳದು. ಮೇಲಿನಿಂದ ನೋಡಿ ಸಾಲದೆ ಅವಳು ಮುಖವನ್ನೇ ನೀರಿಗೆ ಅದ್ದಿ, ಕಣ್ಣು ಬಿಟ್ಟು ನೋಡುತ್ತಿದ್ದಳು. "ಮೂಗಿಗೆ ನೀರು ಹೋಗುತ್ತೆ ಕಣೇ" ಎಂದು ಅಪ್ಪ ಬೈದು, ತಾವೇ ಅಂಗಿಯ ತೋಳಿನಿಂದ ಅವಳ ಮುಖ ಒರೆಸುತ್ತಿದ್ದರು.

ಅರವತ್ತು ದಾಟಿದ ಮೇಲೆ, ಈಜುಕೊಳದ ಮೆಟ್ಟಿಲ ಮೇಲೆ ಕೂತು, ಸಮುದ್ರದಲ್ಲಿ ಮುಳುಗುವವರು ಹಾಕಿಕೊಳ್ಳುವ ಮಾಸ್ಕನ್ನು ಮೊದಲ ಸಲ ಮುಖಕ್ಕೆ ಒತ್ತಿಕೊಂಡಾಗ ಅದೇ ವಾಸನೆ ಬಂತು. ಅವಳಿಗೆ ನಗು ಬಂದು ಮಾಸ್ಕಿನೊಳಗೆ ನೀರು ನುಗ್ಗಿತು. ಡೈವಿಂಗ್ ಕಲಿಸುವ ಕೋಚ್ ಹುಡುಗಿ ಟವೆಲ್ ಚಾಚಿದಳು.

ಅಕ್ಕ ಜೀವಮಾನವೆಲ್ಲ ದುಡಿದದ್ದು ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ. ಬಾಟಲಿಗಳ ಉಸ್ತುವಾರಿ ಅವಳದು. ಔಷಧಿಯ ನೀರಲ್ಲಿ ತೇಲುವ ಮೀನುಗಳು, ನಕ್ಷತ್ರಮೀನು, ಬೀರುವಿನ ಮೇಲಿನ ಸಾಲಿನಲ್ಲಿ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡ ಹವಳ. ಪ್ರತಿ ವರ್ಷ ಹೊಸದಾಗಿ ಬಂದ ಮಕ್ಕಳಿಗೆ ಮೇಷ್ಟರು, "ಇದು ಬದುಕಿದ್ದಾಗ ಬಣ್ಣಬಣ್ಣವಾಗಿರುತ್ತೆ" ಎನ್ನುತ್ತಿದ್ದರು. ಮೇಷ್ಟರೂ ನೋಡಿರಲಿಲ್ಲ, ಮಕ್ಕಳೂ ನೋಡಿರಲಿಲ್ಲ. ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದ ಅಕ್ಕ ಮಾತ್ರ ಆ ಮಾತನ್ನು ಪ್ರತಿ ಸಲವೂ ಹೊಸದೆಂಬಂತೆ ಕೇಳಿಸಿಕೊಳ್ಳುತ್ತಿದ್ದಳು. ನಿವೃತ್ತಿಯ ದಿನ, ಇನ್ನು ಏನು ಮಾಡ್ತೀರಿ ಎಂದು ಕೇಳಿದವರಿಗೆಲ್ಲ, "ಬದುಕಿರೋ ಹವಳ ನೋಡ್ತೀನಿ" ಎಂದಳು. ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಅವಳು ಮರುವಾರವೇ ಈಜು ಕಲಿಯಲು ಸೇರಿದಳು.

ಕಿವಿ, ಎದೆ ಎಲ್ಲ ನೋಡಿದ ಡಾಕ್ಟರು, ಡೈವಿಂಗ್ ಮಾಡಬಹುದೆಂದು ಒಲ್ಲದ ಮನಸ್ಸಿನಿಂದಲೇ ಸಹಿ ಹಾಕಿದ್ದರು. "ಈ ವರ್ಷ ಪರವಾಗಿಲ್ಲ. ಮುಂದಿನ ವರ್ಷದ ಮಾತು ನಾನು ಕೊಡಲ್ಲ," ಎಂದಿದ್ದರು. ಹಾಗಾಗಿ ನೋಡಿದರೆ ಈ ವರ್ಷವೇ ನೋಡಬೇಕು, ಇಲ್ಲವಾದರೆ ಇಲ್ಲ.

ಅಷ್ಟರಲ್ಲಿ ತಮ್ಮ ನಡುವೆ ಬಂದ. ಅವನು ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಹಾಕುವವನು. ಡಿಪೋದವರೆಲ್ಲ ಅವನನ್ನು ಗಡಿಯಾರ ಸಾರ್ ಅಂತಲೇ ಕರೆಯುತ್ತಿದ್ದರು. ಬಸ್ಸೊಂದು ಕೆಲಸವಿಲ್ಲದೆ ನಿಂತಿದ್ದು ಕಂಡರೆ ಅದಕ್ಕೊಂದು ಟ್ರಿಪ್ ಹುಡುಕುವವರೆಗೆ ಅವನು ಕೂರುತ್ತಿರಲಿಲ್ಲ.

"ನೀನು ಮುಳುಗೋದು ಕಲಿ, ಅಕ್ಕ. ಮಿಕ್ಕಿದ್ದು ನನಗೆ ಬಿಡು," ಎಂದ. "ಕಡಿಮೆ ಖರ್ಚಲ್ಲಿ ಮೂರು ದೇಶ ತೋರಿಸ್ತೀನಿ. ನಾವೂ ಬರ್ತೀವಿ."

ನಾವು ಎಂದರೆ ಅವನು ಮತ್ತು ಅವನ ಹೆಂಡತಿ. ಅವಳಿಗೆ ನೀರೆಂದರೆ ಆಗದು, ಕಾಡು ಬೇಕು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯನ್ನು ಕಣ್ಣಾರೆ ನೋಡಬೇಕೆಂದು ಮದುವೆಗೆ ಮುಂಚಿನಿಂದಲೂ ಆಸೆ. ತಮ್ಮನಿಗೆ ಒಂದು ಅಗ್ನಿಪರ್ವತದ ತುದಿಯಲ್ಲಿ ನಿಂತು ಸೂರ್ಯೋದಯ ನೋಡಬೇಕಿತ್ತು. ಹೀಗೆ ಒಂದು ಹವಳಕ್ಕೆ ಒಂದು ಹಕ್ಕಿ, ಒಂದು ಬೆಟ್ಟ ಗಂಟುಬಿದ್ದವು.

ಆಮೇಲೆ ಶುರುವಾಯಿತು ನೋಡಿ ತಲೆನೋವು. ತಮ್ಮನ ಮನೆಯ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿಲ್ಲದ ಹಾಗೆ ಭೂಪಟ ಹರಡಿತು.

"ಎಲ್ಲೂ ರಾತ್ರಿ ರೂಮು ಮಾಡಲ್ಲ," ಎಂದ ತಮ್ಮ. "ರಾತ್ರಿಯೆಲ್ಲ ಬಸ್ಸು, ಇಲ್ಲ ರೈಲು. ನಿದ್ದೆನೂ ಆಯ್ತು, ಊರೂ ಬಂತು."

"ಬೆನ್ನು?" ಎಂದಳು ಅಕ್ಕ.

"ಬೆನ್ನಿಗೇನು, ಅದೂ ಜೊತೆಗೇ ಬರುತ್ತೆ."

ಅಡುಗೆಮನೆಯ ತಕ್ಕಡಿಯಲ್ಲಿ ಅವನು ಎಲ್ಲರ ಚಪ್ಪಲಿ ತೂಗಿದ. ವಿಮಾನಕ್ಕೆ ಹೆಚ್ಚು ತೂಕ ಒಯ್ದರೆ ದುಡ್ಡು ಕೀಳುತ್ತಾರಂತೆ, ಅದಕ್ಕೆ ಬಟ್ಟೆಯನ್ನೆಲ್ಲ ಮೈಮೇಲೆ ಒಂದರ ಮೇಲೊಂದು ಹಾಕಿಕೊಂಡೇ ಹತ್ತಬೇಕಂತೆ.

"ಮೂವರಿಗೂ ಸೇರಿ ಬಾಚಣಿಗೆ ಒಂದೇ ಸಾಕು," ಎಂದ.

"ನಿಮ್ಮ ತಲೆಗೆ ಬಟ್ಟೆ ಒಂದಿದ್ರೆ ಸಾಕು, ಒರೆಸ್ಕೊಳ್ಳೋಕೆ," ಎಂದಳು ಅವನ ಹೆಂಡತಿ. "ಬಾಚಣಿಗೇಲಿ ನಿಮಗ್ಯಾಕೆ ಪಾಲು?"

ಅಕ್ಕ ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ಹೂಂ ಅಂದಳು. ದ್ವೀಪದಲ್ಲಿ ಒಂದೇ ಒಂದು ಬೆಳಗ್ಗೆ ಅವಳ ಪಾಲಿಗೆ ಬಂದಿತ್ತು. ಅದೊಂದು ಸಿಕ್ಕರೆ ಅವಳು ಚಪ್ಪಲಿಯಿಲ್ಲದೆ ನಡೆಯಲೂ ಸಿದ್ಧ.

ಕೊನೆಗೆ ಟೈಮ್‌ಟೇಬಲ್ ತಯಾರಾಯಿತು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಸೂಜಿ ತೂರಿಸಲು ಜಾಗವಿರಲಿಲ್ಲ. ಅಷ್ಟೆಲ್ಲ ಗೊಣಗಿದ್ದರೂ ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಈಜುಕೊಳಕ್ಕೆ ಹೋದಾಗ ಅದನ್ನು ಬ್ಯಾಗಿನಿಂದ ತೆಗೆದು ಕೋಚಿಗೆ ತೋರಿಸಿದಳು.

ಕೋಚ್ ಎರಡು ಸಲ ಓದಿದಳು. "ಇದನ್ನ ಯಾರು ಮಾಡಿದ್ದು, ಆಂಟಿ?"

"ನನ್ನ ತಮ್ಮ. ಎಷ್ಟು ಚೆನ್ನಾಗಿ ಹೊಂದಿಸಿದಾನೆ ಅಲ್ವಾ?"

"ಹೊಂದಿಸೇನೋ ಹೊಂದಿಸಿದಾರೆ. ಆದ್ರೆ ಹೀಗೇ ಹೋದ್ರೆ ನಿಮ್ಮನ್ನ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ."

ಟೈಮ್‌ಟೇಬಲ್ಲಿನಲ್ಲಿ ಬೆಳಗ್ಗೆ ಅಕ್ಕ ಸಮುದ್ರದಲ್ಲಿ ಮುಳುಗುವುದು, ಮಧ್ಯಾಹ್ನ ಮೂವರೂ ವಿಮಾನ ಹತ್ತುವುದು, ಮಾರನೇ ನಸುಕಿಗೆ ಅಗ್ನಿಪರ್ವತ. ಕೋಚ್ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದಳು. ನೀರಿನಾಳದಲ್ಲಿ ಉಸಿರಾಡುವಾಗ ಗಾಳಿ ರಕ್ತದೊಳಕ್ಕೆ ಕರಗಿ ಕೂತಿರುತ್ತದೆ. ಅದು ಹೊರಗೆ ಹೋಗಲು ಸಮಯ ಬೇಕು. ಅದಕ್ಕೆ ಮುಂಚೆ ಎತ್ತರಕ್ಕೆ ಹೋದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು.

"ಮುಳುಗಿ ಬಂದ ಮೇಲೆ ಒಂದು ದಿನ ಪೂರ್ತಿ ಕೆಳಗೇ ಇರ್ಬೇಕು, ಆಂಟಿ. ವಿಮಾನ ಬೇಡ, ಬೆಟ್ಟನೂ ಬೇಡ. ಆ ದಿನ ಖಾಲಿ ಬಿಡ್ಬೇಕು."

ಖಾಲಿ ದಿನ. ಪ್ರಪಂಚದಲ್ಲಿ ತಮ್ಮನ ಬಳಿ ಯಾವುದನ್ನು ಬೇಕಾದರೂ ಕೇಳಬಹುದಿತ್ತು, ಅದೊಂದನ್ನು ಬಿಟ್ಟು.

"ಟಿಕೆಟ್ ಆಗೋಗಿದೆ," ಎಂದ ತಮ್ಮ ಸಂಜೆ.

"ಬದಲಾಯಿಸು."

"ಬದಲಾಯಿಸೋಕಾಗದ ಟಿಕೆಟ್ ಅಂತಲೇ ಅದು ಅಗ್ಗ." ಅವನು ಭೂಪಟದ ಮೇಲೆ ಬೆರಳು ಕುಟ್ಟಿದ. "ಒಂದಿಡೀ ದಿನ ಸುಮ್ನೆ ಕೂತಿರೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಕೂತ್ಕೋಬಹುದಲ್ಲ."

"ಮೈಯೊಳಗೆ ಗುಳ್ಳೆ ಏಳುತ್ತಂತೆ ಕಣೋ. ಆಸ್ಪತ್ರೆಗೆ ಸೇರ್ಬೇಕಾಗುತ್ತಂತೆ."

ತಮ್ಮ ಭೂಪಟದ ಮಡಿಕೆಯೊಂದನ್ನು ಅಂಗೈಯಿಂದ ಒತ್ತಿ ಸರಿಮಾಡಿದ. ಆಮೇಲೆ ಮುಖ ಎತ್ತದೆ, "ಅಲ್ಲಿ ಗಾಜಿನ ತಳದ ದೋಣಿ ಇದೆ," ಎಂದ. "ಮೇಲೆ ಕೂತ್ಕೊಂಡು ಬಗ್ಗಿ ನೋಡಿದ್ರೆ ಹವಳ ಎಲ್ಲಾ ಕಾಣುತ್ತಂತೆ. ಮೈ ಒದ್ದೆ ಆಗಲ್ಲ. ಮುಳುಗೋದು ಬಿಟ್ಬಿಡು."

ಅಕ್ಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು. ಅವಳು ದನಿ ಎತ್ತುವವಳಲ್ಲ. ಅವತ್ತೂ ಎತ್ತಲಿಲ್ಲ.

"ಜೀವಮಾನವೆಲ್ಲ ಗಾಜಿನಲ್ಲೇ ನೋಡಿದೀನಿ," ಎಂದಳು. "ಇನ್ನೊಂದು ಗಾಜು ನೋಡೋಕೆ ನನಗೆ ಹಡಗೂ ಬೇಡ, ವಿಮಾನನೂ ಬೇಡ. ನನ್ನ ಹೆಸರು ತೆಗೆದು ನೀವಿಬ್ಬರೇ ಹೋಗಿ ಬನ್ನಿ."

ತಮ್ಮನ ಹೆಂಡತಿ ಬಾಗಿಲವರೆಗೂ ಬಂದು, ಅವಳ ಕೊಡೆಯನ್ನು ಕೈಗೆ ಕೊಟ್ಟಳು. "ಅಕ್ಕಾ, ನಾನು ಯಾರ ಪರನೂ ಇಲ್ಲ," ಎಂದು ಪಿಸುಗುಟ್ಟಿದಳು. "ಆದ್ರೆ ನೀವು ಬರ್ದಿದ್ರೆ ಇವರ ಜೊತೆ ಬಸ್ಸಲ್ಲಿ ರಾತ್ರಿಯೆಲ್ಲಾ ನಾನೊಬ್ಬಳೇ ಕೂರ್ಬೇಕು. ಅದನ್ನ ಸ್ವಲ್ಪ ಯೋಚನೆ ಮಾಡಿ."

ಎರಡು ದಿನ ಅಕ್ಕ-ತಮ್ಮನ ನಡುವೆ ಮಾತಿಲ್ಲ. ಮೂರನೆಯ ದಿನ ಅಕ್ಕ ತೀರ್ಮಾನ ಮಾಡಿದಳು. ಒಬ್ಬಳೇ ಹೋಗುವುದು. ಒಂದು ದ್ವೀಪ, ಒಂದು ರೂಮು, ಬೇಕಾದಷ್ಟು ಖಾಲಿ ದಿನ. ಆದರೆ ಟಿಕೆಟ್ ಮಾಡಿಸಲೆಂದು ತಮ್ಮ ಅವಳ ಪಾಸ್‌ಪೋರ್ಟನ್ನು ಒಯ್ದು ತನ್ನ ಆಫೀಸಿನ ಡ್ರಾಯರಿನಲ್ಲಿಟ್ಟುಕೊಂಡಿದ್ದ. ಅದನ್ನು ತರಲು, ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಲ್ಲಿ ಹೊರಳಿಸುತ್ತಾ, ಮಧ್ಯಾಹ್ನ ಡಿಪೋಗೆ ನಡೆದಳು.

ಡಿಪೋದ ಅಂಗಳದಲ್ಲಿ ಡೀಸೆಲ್ ಕಮಟು. ಬಸ್ಸೊಂದರ ನೆರಳಲ್ಲಿ ಕೂತಿದ್ದ ವಯಸ್ಸಾದ ಡ್ರೈವರೊಬ್ಬ ಅವಳನ್ನು ಕಂಡು ಎದ್ದು ನಿಂತ.

"ಗಡಿಯಾರ ಸಾರ್ ಅಕ್ಕ ಅಲ್ವಾಮ್ಮಾ ನೀವು? ಸ್ವಲ್ಪ ಹೊತ್ತು ಬಿಟ್ಟು ಹೋಗಿ. ಬೆಳಗ್ಗೆಯಿಂದ ಫೋನಲ್ಲಿ ಯಾವುದೋ ಹಡಗಿನವರ ಜೊತೆ ಗುದ್ದಾಡ್ತಿದಾರೆ. ಒಳಗೆ ಹೋದವರಿಗೆಲ್ಲ ಬೈಗುಳ."

"ಬೈಸ್ಕೊಳ್ಳೋಕೇ ಬಂದಿದೀನಪ್ಪ," ಎಂದು ಅಕ್ಕ ಒಳಗೆ ಹೋದಳು.

ಗೋಡೆ ತುಂಬ ಬಸ್ಸುಗಳ ವೇಳೆ ಬರೆದ ಬಣ್ಣದ ಪಟ್ಟಿಗಳು. ಅದಕ್ಕೆ ಬೆನ್ನು ಮಾಡಿ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ತಮ್ಮ ಕೂತಿದ್ದ. ಬರುವಷ್ಟು ಭಾಷೆಯಲ್ಲಿ, ಬಾರದ್ದಕ್ಕೆ ಕೈ ಆಡಿಸುತ್ತಾ, ಕೈ ಆ ಕಡೆಯವರಿಗೆ ಕಾಣುವುದಿಲ್ಲ ಎಂಬುದನ್ನೂ ಮರೆತು, ಮಾತಾಡುತ್ತಿದ್ದ.

"ಇಲ್ಲ ಸ್ವಾಮಿ, ಫಾಸ್ಟ್ ಬೋಟ್ ಬೇಡ. ನಿಧಾನದ್ದು. ಹೌದು, ನಿಧಾನದ್ದೇ ಬೇಕು. ಎಷ್ಟು ನಿಧಾನ ಇದ್ರೆ ಅಷ್ಟು ಒಳ್ಳೇದು."

ಬಾಗಿಲಾಚೆ ಡ್ರೈವರು ಇನ್ನೊಬ್ಬನಿಗೆ, "ಕೇಳಿಸ್ಕೊಂಡ್ಯಾ, ನಮ್ಮ ಸಾರ್ ಬಾಯಲ್ಲಿ ನಿಧಾನ ಅನ್ನೋ ಮಾತು," ಎಂದದ್ದು ಅಕ್ಕನಿಗೆ ಕೇಳಿಸಿತು.

ತಮ್ಮ ಫೋನ್ ಕೆಳಗಿಟ್ಟು, ಕಾಲಿನಿಂದಲೇ ಸ್ಟೂಲೊಂದನ್ನು ಅವಳ ಕಡೆ ತಳ್ಳಿದ.

"ವಿಮಾನದ ದುಡ್ಡು ಹೋಯ್ತು," ಎಂದ.

"ಹೋಗ್ಲಿ. ನನ್ನ ಪಾಲಿಂದು ನಾನು ಕೊಡ್ತೀನಿ."

"ಹೋಗ್ಲಿ ಅಂತೆ. ಇಲ್ಲಿ ನನ್ನ ಹೊಟ್ಟೆ ಉರೀತಿದೆ." ಅವನು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಸರಕಿನ ಹಡಗು. ಸಂಜೆ ಹತ್ತಿದ್ರೆ ಮಾರನೇ ದಿನ ಕತ್ತಲಾಗೋ ಹೊತ್ತಿಗೆ ಆಚೆ ದಡ. ಅಷ್ಟು ಹೊತ್ತೂ ನೀರಿನ ಮಟ್ಟದಲ್ಲೇ ಇರ್ತೀಯ. ಆ ರಾತ್ರಿ ರೂಮು ಮಾಡ್ತೀನಿ, ಬೆಟ್ಟ ಅದರ ಮಾರನೇ ದಿನ. ನಿನ್ನ ಕೋಚಿಗೆ ಫೋನ್ ಮಾಡಿ ಕೇಳಿದೆ, ಆಗುತ್ತೆ ಅಂದ್ಳು."

"ಖಾಲಿ ದಿನ ಅಲ್ವೇನೋ ಅದು?"

"ಯಾಕೆ ಖಾಲಿ? ಹಡಗು ಹೋಗ್ತಾನೇ ಇರುತ್ತಲ್ಲ. ಮಲಗೋದು ಮಾತ್ರ ತಗಡಿನ ಮೇಲೆ. ಗಾಳಿ ಹೊಡೆಯುತ್ತೆ, ಶಾಲು ತಗೋ. ಹಗುರದ್ದು."

ಅಕ್ಕ ಸ್ಟೂಲಿನ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ, ಅದಕ್ಕೂ ಅವಳಿಗೆ ರೇಗಿತು.

"ಇದನ್ನ ಅವತ್ತೇ ಮಾಡೋದು ಬಿಟ್ಟು, ದೋಣಿ ಗೀಣಿ ಅಂತ ಯಾಕಂದೆ?"

ತಮ್ಮ ಗೋಡೆಯ ಮೇಲಿನ ಪಟ್ಟಿಯೊಂದನ್ನು ಸರಿಪಡಿಸಿದ. ಅದು ಸರಿಯಾಗೇ ಇತ್ತು.

"ಗುಳ್ಳೆ, ಆಸ್ಪತ್ರೆ ಅಂದ್ಯಲ್ಲ. ಭಯ ಆಯ್ತು. ನೀರಿಗೇ ಇಳೀಬೇಡ ಅಂತ ನೇರವಾಗಿ ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪೆಲ್ಲ ಟಿಕೆಟ್ ಮೇಲೆ ಹಾಕ್ದೆ."

"ಕತ್ತೆ," ಎಂದಳು ಅಕ್ಕ.

"ಹೂಂ."

ಫೋನ್ ರಿಂಗಾಯಿತು. ಹಡಗಿನವರೇ. ಹೆಸರುಗಳನ್ನು ಮತ್ತೆ ಹೇಳಬೇಕಂತೆ. ತಮ್ಮ ತನ್ನ ಹೆಸರು, ಹೆಂಡತಿಯ ಹೆಸರು ಹೇಳಿ, ಅಕ್ಕನ ಹೆಸರನ್ನು ಮಾತ್ರ ಒಂದೊಂದೇ ಅಕ್ಷರ ಬಿಡಿಸಿ ಎರಡು ಸಲ ಹೇಳಿದ. ಹಾಗೇ ಕಾಯಿರಿ ಎಂದರು, ಫೋನಿನಲ್ಲಿ ಯಾವುದೋ ಪೀಪಿಯ ರಾಗ ಶುರುವಾಯಿತು. ಅದು ಮುಗಿಯುವ ಲಕ್ಷಣ ಕಾಣಲಿಲ್ಲ. ಅವನು ಫೋನನ್ನು ಭುಜಕ್ಕೆ ಒತ್ತಿಕೊಂಡೇ ಮೇಜಿನ ಕೆಳಗಿನಿಂದ ಬೆಳಗ್ಗೆ ತಂದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿರಲಿಲ್ಲ. ಅದರಲ್ಲಿದ್ದ ಅನ್ನ, ಪಲ್ಯವನ್ನು ಎರಡು ಪಾಲು ಮಾಡಿ, ಬೇಯಿಸಿದ ಮೊಟ್ಟೆಯನ್ನು ಒಂದು ಪಾಲಿನ ಮೇಲಿಟ್ಟ. ಚಮಚವನ್ನು ಅಂಗಿಯ ತುದಿಗೆ ಒರೆಸಿ, ಮೊಟ್ಟೆಯಿದ್ದ ಪಾಲನ್ನು ಅಕ್ಕನ ಮುಂದೆ ಸರಿಸಿದ.